ವಿದ್ವತ್ ಪತ್ರಿಕೆಗಳ ಪ್ರಕಟಣೆ ಮತ್ತು ಶ್ರಾವಕನೀತಿ

ಕಳೆದ ಚಾತುರ್ಮಾಸದ ದಿನಗಳಲ್ಲಿ ನಮ್ಮ ಸಮೀಪದ ಬಸದಿಯೊಂದರ ಟ್ರಸ್ಟಿನ ಸಭೆಗೆ ಒಂದು ಅರ್ಜಿ ಬಂದಿತು. ಜೈನ ಶಾಸನಗಳನ್ನು ಕುರಿತು ತರುಣ ಅಧ್ಯಾಪಕರೊಬ್ಬರು ಬರೆದ ಲೇಖನವನ್ನು ‘ಅಂತರರಾಷ್ಟ್ರೀಯ’ವೆಂದು ಹೆಸರಿಟ್ಟುಕೊಂಡ ಸಂಶೋಧನಾ ಪತ್ರಿಕೆಯೊಂದು ಸ್ವೀಕರಿಸಿದೆಯೆಂದೂ, ಅದರ ಪ್ರಕಟಣಾ ಶುಲ್ಕಕ್ಕೆ ಜ್ಞಾನದಾನದ ನಿಧಿಯಿಂದ ನೆರವು ದೊರೆಯಬೇಕೆಂದೂ ಅದರಲ್ಲಿ ಕೋರಲಾಗಿತ್ತು. ಆ ಟ್ರಸ್ಟಿನ ಲೆಕ್ಕಪತ್ರಗಳನ್ನು ಹಲವು ವರ್ಷಗಳಿಂದ ನೋಡುತ್ತಿರುವವನು ನಾನು. ಲೇಖನವನ್ನು ಓದಿ ಪರೀಕ್ಷಿಸಿದವರ ಅಭಿಪ್ರಾಯಪತ್ರವಿದ್ದರೆ ತೋರಿಸಬೇಕೆಂದು ಕೇಳಿದೆ. ಅಂಥದೇನೂ ಇರಲಿಲ್ಲ. ಸೋಮವಾರ ಕಳುಹಿಸಿದ ಲೇಖನಕ್ಕೆ ಬುಧವಾರ ಸ್ವೀಕೃತಿ ಬಂದಿತ್ತು. ಸ್ವೀಕೃತಿಯ ಜೊತೆಯಲ್ಲಿಯೇ ಹಣದ ಬೇಡಿಕೆಯೂ ಇತ್ತು.

ಸಭೆಯಲ್ಲಿ ಎರಡು ಪಕ್ಷಗಳಾದವು. ಜ್ಞಾನದಾನವು ಚತುರ್ವಿಧ ದಾನಗಳಲ್ಲಿ ಒಂದಾದುದರಿಂದ ಪ್ರಶ್ನೆಗಳನ್ನು ಕೇಳುತ್ತ ಕೂಡಬಾರದೆಂದು ಹಿರಿಯರೊಬ್ಬರು ಹೇಳಿದರು. ದಾನ ಕೊಡುವಾಗ ಪಾತ್ರಾಪಾತ್ರವಿವೇಚನೆ ಬೇಕೆಂದು ಇನ್ನೊಬ್ಬರು ಹೇಳಿದರು. ತೀರ್ಮಾನವು ಮುಂದಕ್ಕೆ ಹೋಯಿತು. ನನ್ನ ಅಭಿಪ್ರಾಯವನ್ನು ಬರಹದಲ್ಲಿ ಕೊಡಬೇಕೆಂದು ಅಪ್ಪಣೆಯಾಯಿತು. ಆ ಅಭಿಪ್ರಾಯವನ್ನೇ ಸ್ವಲ್ಪ ವಿಸ್ತರಿಸಿ ವಾಚಕರ ಮುಂದಿಡುತ್ತಿದ್ದೇನೆ. ಇದೇ ಬಗೆಯ ಅರ್ಜಿಗಳು ಅನ್ಯ ಟ್ರಸ್ಟುಗಳಿಗೂ ಬರುತ್ತಿವೆಯೆಂದು ಕೇಳಿದ್ದೇನೆ.

ನಾನು ವಾಣಿಜ್ಯ ಪದವೀಧರನು. ದೇವಿಕೊಪ್ಪದಲ್ಲಿ ಭತ್ತ, ಕಾಳುಕಡಿಗಳ ವ್ಯಾಪಾರದಲ್ಲಿ ನಾಲ್ಕು ದಶಕಗಳನ್ನು ಕಳೆದವನು. ವಿಶ್ವವಿದ್ಯಾಲಯದ ವಿದ್ವಾಂಸನಲ್ಲ. ಆದರೂ ವಿದ್ವತ್ ಪ್ರಕಟಣೆಯೆಂಬುದು ಲೇಖಕ, ಪರಿಶೀಲಕ, ಸಂಪಾದಕ, ಪ್ರಕಾಶಕ, ದಾನಿ ಎಂಬ ಐವರ ನಡುವಿನ ಒಂದು ವ್ಯವಹಾರವೇ ಆಗಿದೆ. ವ್ಯವಹಾರವೆಂದ ಮೇಲೆ ಅದಕ್ಕೆ ತೂಕವಿದೆ, ಅಳತೆಯಿದೆ, ಲೆಕ್ಕವಿದೆ. ಆದುದರಿಂದ ಅದರ ನೀತಿಯನ್ನು ವಿಚಾರಿಸುವ ಅಧಿಕಾರ ಶ್ರಾವಕನಿಗೂ ಇದೆಯೆಂದು ನಂಬಿದ್ದೇನೆ. ಈ ವಿಚಾರಕ್ಕೆ ಪರದೇಶದ ಉದಾಹರಣೆಗಳಿಂದ ಆರಂಭಿಸುವ ಅಗತ್ಯವಿಲ್ಲ. ನಮ್ಮ ನಾಡಿನ ಮೂಡಬಿದಿರೆಯ ಬಸದಿಯಿಂದಲೇ ಹೊರಟ ಒಂದು ಮಹಾಪ್ರಕಟಣೆಯ ಇತಿಹಾಸದಲ್ಲಿ ಇಂದಿನ ಎಲ್ಲ ಪ್ರಶ್ನೆಗಳೂ ಅಡಗಿವೆ.

ಧವಲಾ ಹೊರಬಂದ ಬಗೆ

ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಧವಲಾ ಟೀಕೆಯ ಪ್ರಾಚೀನ ತಾಳೆಯೋಲೆ ಪ್ರತಿಗಳು ಹಳೆಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಸಿದ್ಧಾಂತಬಸದಿಯಲ್ಲಿ ಮಾತ್ರ ಉಳಿದಿದ್ದವು. ಯಾತ್ರಿಕರು ದೂರದಿಂದ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರೇ ಹೊರತು ಓದುವವರಿರಲಿಲ್ಲ. ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದ ಮತ್ತು ಮುಂಬಯಿಯ ಸೇಠ್ ಮಾಣಿಕಚಂದ ಮೊದಲಾದವರು ಪ್ರತಿಲಿಪಿ ಮಾಡಿಸುವ ಪ್ರಯತ್ನಕ್ಕೆ ತೊಡಗಿದರು. 1896ರ ಸುಮಾರಿಗೆ ಆರಂಭವಾದ ಆ ಕಾರ್ಯವು ಕಾಲು ಶತಮಾನದಷ್ಟು ಕಾಲ ನಡೆಯಿತು. ಪ್ರತಿಗಳು ಸಿದ್ಧವಾದರೂ ಅವು ಬಸದಿಯ ಹೊರಗೆ ಹೋಗಬಾರದೆಂಬ ನಿಬಂಧನೆಯಿತ್ತು.

ಪ್ರತಿ ಮಾಡಲು ನಿಯುಕ್ತರಾಗಿದ್ದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿಯ ಸಹಾಯದಿಂದ ಗುಪ್ತವಾಗಿ ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡರು. ಅದನ್ನು ಮೊದಲು ಸೇಠ್ ಹೀರಾಚಂದರಿಗೆ ಒಪ್ಪಿಸಲು ಹೋದಾಗ ಅವರು ಸ್ವೀಕರಿಸಲಿಲ್ಲ. ಮಾಣಿಕಚಂದರಿಗೂ ಸ್ವೀಕರಿಸಬಾರದೆಂದು ತಿಳಿಸಿದರು. ಕೊನೆಗೆ ಅದು ಸಹಾರನಪುರದ ಲಾಲಾ ಜಂಬೂಪ್ರಸಾದರ ಬಳಿ ಸೇರಿತು. ಅಲ್ಲಿ ನಾಗರಿ ಲಿಪಿಗೆ ಇಳಿಸುವ ಸಂದರ್ಭದಲ್ಲಿ ಮತ್ತೊಂದು ಪ್ರತಿ ಅದೇ ರೀತಿಯಲ್ಲಿ ಹೊರಬಿದ್ದು, ಅದರಿಂದ ಆರಾ, ಸಾಗರ, ಕಾರಂಜಾ ಮುಂತಾದ ಸ್ಥಳಗಳಿಗೆ ಪ್ರತಿಗಳು ಹಬ್ಬಿದವು. ಈ ಪ್ರತಿಗಳ ಆಧಾರದಿಂದಲೇ ಪ್ರೊ. ಹೀರಾಲಾಲ ಜೈನರು ಭೇಲಸಾದ ಶ್ರೀಮಂತ ಸೇಠ್ ಶಿತಾಬರಾಯ ಲಕ್ಷ್ಮೀಚಂದ್ರರ ದಾನನಿಧಿಯ ಬೆಂಬಲದಿಂದ 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟವನ್ನು ಪ್ರಕಟಿಸಿದರು. ಮುಂದೆ ಎರಡು ದಶಕಗಳಲ್ಲಿ 16 ಸಂಪುಟಗಳು ಪೂರ್ಣಗೊಂಡವು. ನಮ್ಮ ಸದಲಗಿಯ ಡಾ. ಆ. ನೇ. ಉಪಾಧ್ಯೆಯವರು ಈ ಕಾರ್ಯಕ್ಕೆ ನೆರವಾದವರಲ್ಲಿ ಒಬ್ಬರು.

ಈ ಇತಿಹಾಸವನ್ನು ನಾವು ಹೇಗೆ ವಿಮರ್ಶಿಸಬೇಕು? ಕದ್ದು ತಂದ ಪ್ರತಿಯಿಂದ ಆಗಮವು ಲೋಕಕ್ಕೆ ದೊರೆಯಿತಾದುದರಿಂದ ಕಳವು ಪುಣ್ಯಕಾರ್ಯವಾಯಿತೆಂದು ಕೆಲವರು ಹೇಳುವುದುಂಟು. ನಾನು ಇದನ್ನು ಒಪ್ಪಲಾರೆ. ಫಲವು ಒಳ್ಳೆಯದಾದ ಮಾತ್ರಕ್ಕೆ ಅದತ್ತಾದಾನವು ದತ್ತಾದಾನವಾಗುವುದಿಲ್ಲ. ಕದ್ದ ಮಾಲನ್ನು ಕೊಳ್ಳುವುದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಗಣಿಸಿದೆ. ಅದಕ್ಕೆ ತದಾಹೃತಾದಾನವೆಂದು ಹೆಸರು. ಜೀವಮಾನವಿಡೀ ಆ ಗ್ರಂಥಕ್ಕಾಗಿ ಹಂಬಲಿಸಿದ ಸೇಠ್ ಹೀರಾಚಂದರು, ಅದು ಕೈಯೆಟುಕಿನಲ್ಲಿ ಬಂದಾಗ ಬೇಡವೆಂದರು. ವ್ಯಾಪಾರಿಯಾದ ನನಗೆ ಆ ನಿರಾಕರಣೆಯು ಇಡೀ ಕಥೆಯಲ್ಲಿ ಅತ್ಯಂತ ಉಜ್ವಲವಾದ ಪ್ರಸಂಗವಾಗಿ ಕಾಣುತ್ತದೆ.

ಆದರೆ ಇನ್ನೊಂದು ಪಾರ್ಶ್ವವನ್ನೂ ನೋಡಬೇಕು. ಶಾಸ್ತ್ರವನ್ನು ಬೀಗ ಹಾಕಿಟ್ಟವರ ಹೊಣೆ ಇಲ್ಲವೇ? ಓಲೆಗಳನ್ನು ಶತಮಾನಗಳ ಕಾಲ ಹುಳುಹುಪ್ಪಟೆಗಳಿಂದ ಕಾಪಾಡಿದವರು ಮೂಡಬಿದಿರೆಯವರೇ. ಅವರ ಋಣವು ದೊಡ್ಡದು. ಹೊರಗೆ ಹೋದರೆ ಕ್ಷೇತ್ರದ ಮಹಿಮೆ ಕುಂದೀತೆಂಬ ಭಯವೂ ಅಸಹಜವಲ್ಲ. ಆದರೂ ಅಧಿಕಾರಿಯಾದ ಜಿಜ್ಞಾಸುವಿಗೆ ಜ್ಞಾನವನ್ನು ತಡೆಯುವ ಅಂತರಾಯವೂ, ಬಲ್ಲವನು ಅಸೂಯೆಯಿಂದ ಕೊಡದಿರುವ ಮಾತ್ಸರ್ಯವೂ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳೆಂದು ಅದೇ ಗ್ರಂಥದ ಆರನೆಯ ಅಧ್ಯಾಯವು ಹೇಳುತ್ತದೆ. ನ್ಯಾಯವಾದ ಬಾಗಿಲು ಮುಚ್ಚಿದಲ್ಲಿ ಹಿಂಬಾಗಿಲು ತೆರೆಯುವುದು ಲೋಕರೂಢಿ. ಹಿಂಬಾಗಿಲಿನಿಂದ ಹೊರಬಿದ್ದ ಪ್ರತಿಗೆ ಏನಾಯಿತೆಂಬುದನ್ನು ಮುಂದೆ ನೋಡೋಣ.

ಒಂದು ಪದದ ವಿವಾದ

ಮೊದಲ ಸಂಪುಟದ ಸತ್ಪ್ರರೂಪಣೆಯ 93ನೆಯ ಸೂತ್ರವು ಮನುಷ್ಯಿಣಿಯರ ಗುಣಸ್ಥಾನಗಳಿಗೆ ಸಂಬಂಧಿಸಿದುದು. ಸಂಪಾದಕರ ಬಳಿಯಿದ್ದ ಪ್ರತಿಗಳಲ್ಲಿ ‘ಸಂಜದಾಸಂಜದ’ ಎಂಬ ಪದದ ಮುಂದೆ ‘ಸಂಜದ’ ಎಂಬ ಪದವಿರಲಿಲ್ಲ. ಟೀಕೆಯ ಅರ್ಥವನ್ನು ನೋಡಿದರೆ ಅಲ್ಲಿ ಆ ಪದವು ಇರಬೇಕೆಂದು ಸಂಪಾದಕರಿಗೆ ತೋರಿತು. ಅವರು ಮಾಡಿದುದೇನು? ತಮಗೆ ತೋರಿದ ಪದವನ್ನು ಮೂಲದಲ್ಲಿ ಸದ್ದಿಲ್ಲದೆ ಸೇರಿಸಲಿಲ್ಲ. ತೋರಿದುದನ್ನು ಮುಚ್ಚಿಡಲೂ ಇಲ್ಲ. ಮೂಲವನ್ನು ಇದ್ದಂತೆ ಮುದ್ರಿಸಿ, ಇಲ್ಲಿ ಒಂದು ಪದವು ಬಿಟ್ಟುಹೋದಂತೆ ಕಾಣುತ್ತದೆಯೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು.

ಆ ಒಂದು ಪದದ ಮೇಲೆ ಸಮಾಜದಲ್ಲಿ ವರ್ಷಗಟ್ಟಲೆ ವಾದವೆದ್ದಿತು. ಆ ಪದವನ್ನು ಒಪ್ಪಿದರೆ ಸ್ತ್ರೀಮುಕ್ತಿಯ ಪಕ್ಷಕ್ಕೆ ಆಧಾರ ಕೊಟ್ಟಂತಾಗುವುದೆಂದು ಕೆಲವು ಪಂಡಿತರು ಹೆದರಿದರು. ಅಲ್ಲಿ ಹೇಳಿರುವುದು ಭಾವಸ್ತ್ರೀಯನ್ನು ಕುರಿತಾದುದರಿಂದ ಸಿದ್ಧಾಂತಕ್ಕೆ ಬಾಧೆಯಿಲ್ಲವೆಂದು ಇತರರು ಸಮಾಧಾನ ಹೇಳಿದರು. 1940ರ ದಶಕದ ಜೈನ ಪತ್ರಿಕೆಗಳಲ್ಲಿ ಈ ಚರ್ಚೆಗೆ ಪುಟಗಳೇ ಸಾಲದಾದವು. ಆದರೆ ವಾದಕ್ಕೆ ತೆರೆಯೆಳೆಯಬಲ್ಲ ಸಾಕ್ಷಿಯು ಒಂದೇ ಇದ್ದಿತು: ಮೂಡಬಿದಿರೆಯ ಮೂಲ ಓಲೆ.

ಅಷ್ಟರಲ್ಲಿ ಮೂಡಬಿದಿರೆಯ ಭಟ್ಟಾರಕ ಚಾರುಕೀರ್ತಿ ಸ್ವಾಮೀಜಿಯವರೂ ಬಸದಿಯ ಪಂಚರೂ ಉದಾರಮನಸ್ಸಿನಿಂದ ಮೂಲದೊಡನೆ ಹೋಲಿಸಿ ನೋಡಲು ಅನುಮತಿಯಿತ್ತಿದ್ದರು. ಪಂಡಿತ ಲೋಕನಾಥ ಶಾಸ್ತ್ರಿಗಳು ಮತ್ತು ಅವರ ಸಹಾಯಕರು ಹೋಲಿಕೆಯ ಕಾರ್ಯವನ್ನು ನಡೆಸಿದರು. ಓಲೆಯಲ್ಲಿ ‘ಸಂಜದ’ ಪದವು ಇದ್ದೇ ಇತ್ತು.

ಪದವು ಬಿಟ್ಟುಹೋದ ಬಗೆಯನ್ನು ಊಹಿಸಲು ಪಾಂಡಿತ್ಯ ಬೇಕಾಗಿಲ್ಲ. ಕೀರ್ದಿಯಿಂದ ಖಾತೆಗೆ ಬರೆದುಕೊಳ್ಳುವ ಗುಮಾಸ್ತನು, ಒಂದೇ ಮೊತ್ತ ಎರಡು ಸಲ ಒಂದರ ಕೆಳಗೊಂದು ಬಂದಿದ್ದರೆ ಒಂದನ್ನು ಹಾರಿಸಿಬಿಡುತ್ತಾನೆ. ಒಂದೇ ಬಗೆಯಾಗಿ ಮುಗಿಯುವ ಎರಡು ಪದಗಳ ನಡುವೆ ಲಿಪಿಕಾರನ ಕಣ್ಣು ಜಾರಿತು. ಗುಪ್ತವಾಗಿ ಮಾಡಿದ ಪ್ರತಿಯನ್ನು ಮೂಲದೊಡನೆ ಹೋಲಿಸಿ ತಿದ್ದುವ ಅವಕಾಶ ಯಾರಿಗೂ ಇರಲಿಲ್ಲ. ಆದುದರಿಂದ ಒಂದು ಕಣ್ಣಿನ ತಪ್ಪು ಪ್ರತಿಯಿಂದ ಪ್ರತಿಗೆ ಸಾಗಿ, ಸಿದ್ಧಾಂತದ ವಿವಾದವಾಗಿ ಬೆಳೆಯಿತು. ಹಿಂಬಾಗಿಲಿನ ಜ್ಞಾನಕ್ಕೆ ನಾವು ತೆತ್ತ ಬೆಲೆಯಿದು. ಬಾಗಿಲು ನ್ಯಾಯವಾಗಿ ತೆರೆದಾಗ ತಪ್ಪು ತಾನಾಗಿಯೇ ಹೊರಬಿದ್ದಿತು.

ಈ ಪ್ರಸಂಗದಲ್ಲಿ ಅಮರಾವತಿಯ ಸಂಪಾದಕರ ನಡತೆಯಿಂದ ಮೂರು ನಿಯಮಗಳನ್ನು ಎತ್ತಿಕೊಳ್ಳಬಹುದು. ಒಂದು, ತಮ್ಮ ಪ್ರತಿಗಳು ಎಲ್ಲಿಂದ, ಹೇಗೆ ಬಂದವೆಂಬ ಅಹಿತಕರ ಇತಿಹಾಸವನ್ನು ಅವರು ಪ್ರಸ್ತಾವನೆಯಲ್ಲಿಯೇ ಬಿಚ್ಚಿ ಬರೆದರು. ಎರಡು, ಊಹೆಯನ್ನು ಊಹೆಯ ಸ್ಥಾನದಲ್ಲಿಯೂ ಸಾಕ್ಷಿಯನ್ನು ಸಾಕ್ಷಿಯ ಸ್ಥಾನದಲ್ಲಿಯೂ ಇಟ್ಟರು. ಮೂರು, ಮೂಲವು ದೊರೆತ ಮೇಲೆ ಪಾಠಾಂತರಗಳನ್ನು ಮುಂದಿನ ಸಂಪುಟಗಳಲ್ಲಿ ಪ್ರಕಟಿಸಿ, ತಮ್ಮ ಮುದ್ರಣದ ತಪ್ಪುಗಳನ್ನು ತಾವೇ ತೋರಿಸಿಕೊಂಡರು. ಎದುರುಪಕ್ಷದವರ ಬಗೆಗೂ ಒಂದು ಮಾತು ಹೇಳಬೇಕು. ಅವರ ಧರ್ಮಶ್ರದ್ಧೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಪದವು ಓಲೆಯಲ್ಲಿ ಇದೆಯೇ ಎಂಬ ಪ್ರಶ್ನೆಯೂ, ಅದರ ಅರ್ಥವೇನೆಂಬ ಪ್ರಶ್ನೆಯೂ ಬೇರೆಬೇರೆ. ಅರ್ಥದ ಭಯದಿಂದ ಪದವನ್ನು ಅಳಿಸಲು ಹೊರಟರೆ, ಸರಕು ಕಡಿಮೆ ಬಿದ್ದಿತೆಂದು ಬಟ್ಟನ್ನೇ ಅರೆದಂತಾಗುತ್ತದೆ.

ವ್ರತದ ಅತಿಚಾರಗಳು, ಪ್ರಕಟಣೆಯ ದೋಷಗಳು

ಇಂಗ್ಲೆಂಡಿನಲ್ಲಿ ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು 1997ರಲ್ಲಿ ಕೂಡಿ ಪ್ರಕಟಣಾ ನೀತಿಯ ಸಮಿತಿಯೊಂದನ್ನು ಕಟ್ಟಿಕೊಂಡರು. ಇಂದು ಅದು ‘ಕೋಪ್’ ಎಂಬ ಹೆಸರಿನಿಂದ ಜಗತ್ತಿನ ಸಹಸ್ರಾರು ಪತ್ರಿಕೆಗಳಿಗೆ ಮಾರ್ಗದರ್ಶಿಯಾಗಿದೆ. ಅದರ ಸೂಚನೆಗಳನ್ನು ಓದುತ್ತಿದ್ದಾಗ ನನಗೆ ಮೇಲಿಂದ ಮೇಲೆ ನಮ್ಮ ಶ್ರಾವಕಾಚಾರವು ನೆನಪಿಗೆ ಬಂದಿತು. ಎಲ್ಲವೂ ನಮ್ಮಲ್ಲಿಯೇ ಇದ್ದವೆಂಬ ಹೆಮ್ಮೆಗಾಗಿ ಹೇಳುತ್ತಿಲ್ಲ. ಬಾಲ್ಯದಿಂದ ಬಾಯಿಪಾಠ ಮಾಡಿದ ಹೆಸರುಗಳಿಗೆ ಇಂದಿನ ಅರ್ಥವನ್ನು ಕಂಡುಕೊಳ್ಳಲಿಲ್ಲವೆಂಬ ಸಂಕೋಚದಿಂದ ಹೇಳುತ್ತಿದ್ದೇನೆ.

ಲೇಖಕನ ಮೊದಲ ಕರ್ತವ್ಯವು ತಾನು ಯಾರಿಂದ ಕಲಿತೆನೆಂಬುದನ್ನು ಹೇಳುವುದು. ಸಮ್ಯಗ್ಜ್ಞಾನದ ಎಂಟು ಅಂಗಗಳಲ್ಲಿ ಅನಿಹ್ನವಾಚಾರವೂ ಒಂದು. ಗುರುವಿನ ಹೆಸರನ್ನು ಮರೆಮಾಚದಿರುವುದೇ ಅದರ ಅರ್ಥ. ಅನ್ಯರ ಲೇಖನದಿಂದ ವಾಕ್ಯವನ್ನೋ ವಿಚಾರವನ್ನೋ ತೆಗೆದುಕೊಂಡು ಅವರ ಹೆಸರು ಹೇಳದವನು ನಿಹ್ನವದೋಷಕ್ಕೆ ಒಳಗಾಗುತ್ತಾನೆ. ಆ ಅಂಗಗಳಲ್ಲಿಯೇ ವ್ಯಂಜನಾಚಾರವೂ ಇದೆ. ಅಕ್ಷರಶುದ್ಧಿಯು ಅದರ ವಿಷಯ. ಕರಡು ತಿದ್ದುವ ಕೆಲಸವನ್ನು ಕ್ಷುಲ್ಲಕವೆಂದು ಬಗೆಯುವವರು ‘ಸಂಜದ’ ಪದದ ಕಥೆಯನ್ನು ಒಮ್ಮೆ ಸ್ಮರಿಸಿಕೊಳ್ಳಲಿ. ನಡೆಯದ ಪ್ರಯೋಗವನ್ನು ನಡೆದಂತೆ, ನೋಡದ ಶಾಸನವನ್ನು ನೋಡಿದಂತೆ ಬರೆಯುವುದು ಸತ್ಯಾಣುವ್ರತದ ಕೂಟಲೇಖಕ್ರಿಯೆಯೇ ಸರಿ.

ಸಂಪಾದಕ ಮತ್ತು ಪರಿಶೀಲಕರ ಬಳಿ ಬಂದ ಹಸ್ತಪ್ರತಿಯು ನಂಬಿ ಇಟ್ಟ ಇಡುಗಂಟು. ಅದರೊಳಗಿನ ಹೊಸ ವಿಚಾರವನ್ನು ತಾವು ಬಳಸಿಕೊಂಡರೆ ನ್ಯಾಸಾಪಹಾರವಾಗುತ್ತದೆ. ಪ್ರಕಟವಾಗುವ ಮುನ್ನ ಅದರ ಒಳಗುಟ್ಟನ್ನು ಹೊರಗೆಡಹಿದರೆ ಮಂತ್ರಭೇದವಾಗುತ್ತದೆ. ಪ್ರತಿಸ್ಪರ್ಧಿಯ ಲೇಖನವನ್ನು ಬೇಕೆಂದೇ ತಿಂಗಳುಗಟ್ಟಲೆ ತಡೆಹಿಡಿದರೆ ಅಂತರಾಯ. ಸರಿಯಾದುದನ್ನು ತಪ್ಪೆಂದು ಸಾಧಿಸಿ ತಿರಸ್ಕರಿಸಿದರೆ ಉಪಘಾತ. ಇವಕ್ಕೆ ದಂಡ ವಿಧಿಸುವ ನ್ಯಾಯಾಲಯವಿರಲಾರದು. ಪರಿಶೀಲಕನ ಹೆಸರು ಗುಪ್ತವಾಗಿರುವುದರಿಂದ ಅವನ ವ್ರತವೊಂದೇ ಅವನಿಗೆ ಕಾವಲು.

ಇನ್ನು ಪ್ರಕಾಶಕನು. ಕಳ್ಳತೂಕ-ಕಳ್ಳಅಳತೆಗೆ ಹೀನಾಧಿಕಮಾನೋನ್ಮಾನವೆಂದೂ, ಅಸಲಿನಲ್ಲಿ ನಕಲಿಯನ್ನು ಬೆರೆಸಿ ಮಾರುವುದಕ್ಕೆ ಪ್ರತಿರೂಪಕವ್ಯವಹಾರವೆಂದೂ ಶಾಸ್ತ್ರದ ಹೆಸರು. ಪತ್ರಿಕೆಯ ಪ್ರಭಾವವನ್ನು ತೋರಿಸುವ ಅಂಕಿಗಳನ್ನು ತಾನೇ ಕಲ್ಪಿಸಿಕೊಳ್ಳುವವನೂ, ಪ್ರಸಿದ್ಧ ಪತ್ರಿಕೆಯ ಹೆಸರನ್ನು ಹೋಲುವ ಹೆಸರಿಟ್ಟು ಮೋಸಗೊಳಿಸುವವನೂ ಈ ಎರಡು ಅತಿಚಾರಗಳನ್ನು ಏಕಕಾಲಕ್ಕೆ ಮಾಡುತ್ತಾನೆ.

ಇಂದಿನ ಸಂತೆ

ಇವೆಲ್ಲ ಕಲ್ಪನೆಯ ದೋಷಗಳಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರಿಂದ ಅಧ್ಯಾಪಕರ ಬಡ್ತಿಗೆ ಅಂಕಗಳನ್ನು ಗೊತ್ತುಪಡಿಸಿತು. ಪ್ರಕಟಿತ ಲೇಖನಗಳಿಗೂ ಅಂಕ ದೊರೆಯಿತು. ಬೇಡಿಕೆ ಹುಟ್ಟಿದಲ್ಲಿ ಸರಕು ಬರುತ್ತದೆ. ಹಣ ಪಡೆದು ಪರಿಶೀಲನೆಯಿಲ್ಲದೆ ಮುದ್ರಿಸುವ ಪತ್ರಿಕೆಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಆಯೋಗವು 2017ರಲ್ಲಿ ಮಾನ್ಯ ಪತ್ರಿಕೆಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅದರಲ್ಲಿ ವಿಶ್ವವಿದ್ಯಾಲಯಗಳ ಶಿಫಾರಸಿನಿಂದಲೇ ಸೇರಿದ ಪತ್ರಿಕೆಗಳನ್ನು ಪುಣೆಯ ವಿದ್ವಾಂಸರು ಪರೀಕ್ಷಿಸಿ, ಬೆಂಗಳೂರಿನಿಂದ 1932ರಿಂದ ಹೊರಬರುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆಯ 2018ರ ಮಾರ್ಚ್ ಸಂಚಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅನ್ಯ ಪ್ರತಿಷ್ಠಿತ ಸೂಚಿಗಳಲ್ಲಿಲ್ಲದೆ ಕೇವಲ ಶಿಫಾರಸಿನಿಂದ ಬಂದವುಗಳ ಪೈಕಿ ಅವರು ನೋಡಿದವುಗಳಲ್ಲಿ ಶೇಕಡಾ 88ಕ್ಕೂ ಹೆಚ್ಚು ಪತ್ರಿಕೆಗಳು ಕೆಳದರ್ಜೆಯವಾಗಿರಬಹುದೆಂದು ಕಂಡುಬಂದಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಆಯೋಗವು 4305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. 2019ರಲ್ಲಿ ಬಂದ ‘ಕೇರ್’ ಎಂಬ ಹೊಸ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ನಿಲ್ಲಿಸಿ, ಪತ್ರಿಕೆಗಳ ಗುಣಪರೀಕ್ಷೆಯ ಹೊಣೆಯನ್ನು ವಿದ್ಯಾಸಂಸ್ಥೆಗಳಿಗೇ ಬಿಟ್ಟುಕೊಟ್ಟಿತು.

ಹೈದರಾಬಾದಿನ ‘ಓಮಿಕ್ಸ್’ ಎಂಬ ಪ್ರಕಾಶನ ಸಂಸ್ಥೆಯ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ದಾವೆಯಲ್ಲಿ ಅಲ್ಲಿಯ ನ್ಯಾಯಾಲಯವು 2019ರ ಮಾರ್ಚ್ ತಿಂಗಳಿನಲ್ಲಿ 5 ಕೋಟಿ ಡಾಲರುಗಳಿಗೂ ಮಿಕ್ಕಿ ತೆರಬೇಕೆಂದು ತೀರ್ಪಿತ್ತಿತು. ಪರಿಶೀಲನೆ ನಡೆಯುವುದೆಂದು ಸುಳ್ಳು ಹೇಳಿದುದು, ಶುಲ್ಕವನ್ನು ಮುಂಚಿತವಾಗಿ ತಿಳಿಸದಿದ್ದುದು, ಒಪ್ಪಿಗೆಯಿಲ್ಲದೆ ವಿದ್ವಾಂಸರ ಹೆಸರುಗಳನ್ನು ಸಂಪಾದಕರ ಪಟ್ಟಿಯಲ್ಲಿ ಹಾಕಿದುದು ಮುಖ್ಯ ಆಪಾದನೆಗಳಾಗಿದ್ದವು. ಮೂರನೆಯದನ್ನು ಓದಿ ನನಗೆ ಆಶ್ಚರ್ಯವಾಗಲಿಲ್ಲ. ಎರಡು ವರ್ಷಗಳ ಹಿಂದೆ ಯಾವುದೋ ಒಂದು ಪತ್ರಿಕೆಯು ಔಷಧಶಾಸ್ತ್ರದ ಸಂಪಾದಕಮಂಡಲಿಗೆ ನನ್ನನ್ನು ‘ಗೌರವಾನ್ವಿತ ಡಾಕ್ಟರ್’ ಎಂದು ಸಂಬೋಧಿಸಿ ಆಹ್ವಾನಿಸಿತ್ತು. ಔಷಧದ ವಿಷಯದಲ್ಲಿ ನನ್ನ ಜ್ಞಾನವು ಮನೆಯ ಶುಂಠಿ ಕಷಾಯದಿಂದ ಮುಂದೆ ಹೋಗಿಲ್ಲ.

ಆದರೆ ಇದು ನಕ್ಕು ಬಿಡುವ ವಿಷಯವಲ್ಲ. ಲಂಡನ್ನಿನ ‘ಲ್ಯಾನ್ಸೆಟ್’ ಎಂಬ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯು 1998ರಲ್ಲಿ ಕೇವಲ 12 ಮಕ್ಕಳನ್ನು ಕುರಿತ ಒಂದು ಲೇಖನವನ್ನು ಪ್ರಕಟಿಸಿತು. ದಡಾರದ ಲಸಿಕೆಗೂ ಆಟಿಸಂ ಎಂಬ ಮನೋವಿಕಾಸದ ತೊಂದರೆಗೂ ನಂಟಿರಬಹುದೆಂಬ ಶಂಕೆ ಅದರಿಂದ ಹಬ್ಬಿತು. ಲೇಖನದ ದೋಷಗಳೂ, ಮುಖ್ಯ ಲೇಖಕನ ಹಣದ ಹಿತಾಸಕ್ತಿಯೂ ಬೆಳಕಿಗೆ ಬಂದರೂ ಪತ್ರಿಕೆಯು ಅದನ್ನು ಪೂರ್ಣವಾಗಿ ಹಿಂತೆಗೆದುಕೊಂಡುದು 2010ರಲ್ಲಿ. ಆ ಹನ್ನೆರಡು ವರ್ಷಗಳಲ್ಲಿ ಎಷ್ಟೋ ತಾಯಿತಂದೆಯರು ಹೆದರಿ ಮಕ್ಕಳಿಗೆ ಲಸಿಕೆ ಹಾಕಿಸಲಿಲ್ಲ. ದಡಾರವು ಮರಳಿ ತಲೆಯೆತ್ತಿತು. ಪತ್ರಿಕೆಯ ಪುಟದಲ್ಲಿದ್ದ ಅಸತ್ಯವು ಮಗುವಿನ ಶರೀರದಲ್ಲಿ ಹಿಂಸೆಯಾಯಿತು. ಅಹಿಂಸೆಯ ರಕ್ಷಣೆಗಾಗಿಯೇ ಉಳಿದ ವ್ರತಗಳಿವೆಯೆಂದು ನಮ್ಮ ಆಚಾರ್ಯರು ಹೇಳಿರುವುದು ಎಷ್ಟು ಸತ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಬೀಗದ ಪ್ರಶ್ನೆಯೂ ಇಂದು ಮುಗಿದಿಲ್ಲ. ಸಾರ್ವಜನಿಕರ ಹಣದಿಂದ ನಡೆದ ಸಂಶೋಧನೆಗಳನ್ನೂ ಒಳಗೊಂಡು, ಜಗತ್ತಿನ ದೊಡ್ಡ ಪ್ರಕಾಶಕರ ಪತ್ರಿಕೆಗಳನ್ನು ನಮ್ಮ ವಿದ್ಯಾರ್ಥಿಗಳು ಓದುವಂತಾಗಲು ಕೇಂದ್ರ ಸರಕಾರವು 2024ರ ನವೆಂಬರ್ ತಿಂಗಳಿನಲ್ಲಿ ಮೂರು ವರ್ಷಗಳಿಗೆ ಸುಮಾರು 6000 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಇದರಲ್ಲಿ ಸೇರಿವೆ. ಸರಕಾರಿ ಉನ್ನತ ವಿದ್ಯಾಸಂಸ್ಥೆಗಳವರಿಗೆ ಇದು ಮಹದುಪಕಾರವೇ. ಆದರೆ ಅವುಗಳ ಹೊರಗಿರುವ ಹಳ್ಳಿಯ ಜಿಜ್ಞಾಸುವು ಇಂದಿಗೂ ಸಿದ್ಧಾಂತಬಸದಿಯ ಹೊಸ್ತಿಲಲ್ಲಿ ಕೈಮುಗಿದು ನಿಂತ ಆ ಯಾತ್ರಿಕನಂತೆಯೇ ಇದ್ದಾನೆ.

ಅನೇಕಾಂತದ ಅಪವ್ಯಾಖ್ಯಾನ

ಇಂಥ ಮಾತುಗಳನ್ನು ಆಡಿದಾಗ ನಮ್ಮವರಲ್ಲಿ ಕೆಲವರು ಅನೇಕಾಂತವನ್ನು ಮುಂದೊಡ್ಡುತ್ತಾರೆ. ಎಲ್ಲ ಅಭಿಪ್ರಾಯಗಳಲ್ಲಿಯೂ ಸತ್ಯಾಂಶವಿರುವಾಗ ಪರಿಶೀಲಕನು ಒಂದನ್ನು ತಿರಸ್ಕರಿಸುವುದು ಏಕಾಂತವಾದವಲ್ಲವೇ ಎಂದು ಕೇಳುತ್ತಾರೆ. ಇದು ಅನೇಕಾಂತದ ಅಪವ್ಯಾಖ್ಯಾನ. ವಸ್ತುವಿಗೆ ಅನೇಕ ಧರ್ಮಗಳಿವೆಯೆಂದರೆ ಇಲ್ಲದ ಧರ್ಮಗಳೂ ಇವೆಯೆಂದು ಅರ್ಥವಲ್ಲ. ‘ಸ್ಯಾತ್’ ಪದವು ಹೇಳುವವನ ಮೇಲೆ ಒಂದು ಹೊಣೆಯನ್ನು ಹೊರಿಸುತ್ತದೆ: ಯಾವ ಅಪೇಕ್ಷೆಯಿಂದ, ಯಾವ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಮಿತಿಯಲ್ಲಿ ಹೇಳುತ್ತಿದ್ದೇನೆಂಬುದನ್ನು ಅವನು ಸ್ಪಷ್ಟಪಡಿಸಬೇಕು. ಎಷ್ಟು ಪ್ರತಿಗಳನ್ನು ನೋಡಿದೆ, ಯಾವುದನ್ನು ನೋಡಲಾಗಲಿಲ್ಲ, ಹಣ ಕೊಟ್ಟವರು ಯಾರು ಎಂದು ಲೇಖಕನು ತಿಳಿಸುವುದೇ ವಿದ್ವತ್ ಪ್ರಕಟಣೆಯಲ್ಲಿ ಸ್ಯಾದ್ವಾದದ ಪಾಲನೆ. ಅಮರಾವತಿಯ ಆ ಅಡಿಟಿಪ್ಪಣಿಯು ಈ ಅರ್ಥದಲ್ಲಿ ಶುದ್ಧ ಸ್ಯಾದ್ವಾದವಾಗಿದ್ದಿತು.

ನನ್ನದೊಂದು ತಪ್ಪು

ಪರರ ದೋಷಗಳನ್ನು ಇಷ್ಟು ಹೇಳಿದ ಮೇಲೆ ನನ್ನದನ್ನು ಮುಚ್ಚಿಡುವುದು ಸರಿಯಲ್ಲ. ಬಹಳ ವರ್ಷಗಳ ಹಿಂದೆ ಒಂದು ಸ್ಮರಣಸಂಚಿಕೆಗೆ ನಾನು ನಮ್ಮ ಭಾಗದ ನಿಷಿಧಿಕಲ್ಲೊಂದರ ವಿಷಯವಾಗಿ ಲೇಖನ ಬರೆದೆ. ಶಾಸನದ ಪಾಠವನ್ನು ನಿವೃತ್ತ ಶಿಕ್ಷಕರೊಬ್ಬರು ಎರಡು ಬೇಸಿಗೆ ಬಿಸಿಲಿನಲ್ಲಿ ಕುಳಿತು ಓದಿ, ತಮ್ಮ ವಹಿಯಲ್ಲಿ ಬರೆದುಕೊಂಡಿದ್ದರು. ಆ ವಹಿಯಿಂದ ಪಾಠವನ್ನು ಇಳಿಸಿಕೊಂಡು, ನಾನೇ ಓದಿದಂತೆ ಅಚ್ಚು ಹಾಕಿಸಿದೆ. ಅವರಿಂದ ಒಂದು ಅಂಚೆಕಾರ್ಡು ಬಂದಿತು. ಲೇಖನ ಚೆನ್ನಾಗಿದೆಯೆಂದೂ ಮೂರನೆಯ ಸಾಲಿನಲ್ಲಿ ಒಂದು ಅಕ್ಷರ ತಪ್ಪಿದೆಯೆಂದೂ ಮಾತ್ರ ಬರೆದಿದ್ದರು. ತಮ್ಮ ಹೆಸರಿನ ಬಗೆಗೆ ಒಂದು ಮಾತೂ ಇರಲಿಲ್ಲ. ನಾನು ತಿದ್ದುಪಡಿಯನ್ನು ಪ್ರಕಟಿಸಲಿಲ್ಲ. ಅವರು ಈಗಿಲ್ಲ. ಪ್ರತಿ ವರ್ಷ ಕ್ಷಮಾವಣಿಯ ದಿನ ಲೋಕಕ್ಕೆಲ್ಲ ಕ್ಷಮೆ ಕೇಳುತ್ತ ಬಂದ ನಾನು, ಕೇಳಲೇಬೇಕಾಗಿದ್ದ ಒಬ್ಬರನ್ನು ಕೇಳಲಿಲ್ಲ.

ಆದುದರಿಂದ ಆ ತರುಣ ಅಧ್ಯಾಪಕರನ್ನು ಅಪರಾಧಿಯೆಂದು ಕಾಣುವ ಯೋಗ್ಯತೆ ನನಗಿಲ್ಲ. ಅವರ ಲೇಖನವನ್ನು ಓದಿದ್ದೇನೆ. ಶ್ರಮವಿದೆ, ಕೆಲವೆಡೆ ಅವಸರವೂ ಇದೆ. ಬಡ್ತಿಯ ನಿಯಮವು ಅವರನ್ನು ಆ ಸಂತೆಗೆ ತಳ್ಳಿದೆ. ಆ ಸಂತೆಯಲ್ಲಿ ನಮ್ಮ ದೇವದ್ರವ್ಯವು ವೆಚ್ಚವಾಗಬೇಕೇ ಎಂಬುದು ಮಾತ್ರ ನಮ್ಮ ಪ್ರಶ್ನೆ.

ಟ್ರಸ್ಟುಗಳ ಕರ್ತವ್ಯ

ನನ್ನ ಅಭಿಪ್ರಾಯವನ್ನು ಸಭೆಗೆ ಹೀಗೆ ಒಪ್ಪಿಸಿದ್ದೇನೆ. ಪರಿಶೀಲನೆಯಿಲ್ಲದೆ ಹಣಕ್ಕಾಗಿ ಮುದ್ರಿಸುವ ಪತ್ರಿಕೆಗೆ ಜ್ಞಾನದಾನದ ನಿಧಿಯಿಂದ ಒಂದು ರೂಪಾಯಿಯೂ ಹೋಗಕೂಡದು. ಹೋದರೆ ಅದು ಕಳ್ಳನನ್ನು ಪ್ರೇರಿಸುವ ಸ್ತೇನಪ್ರಯೋಗವಾಗುತ್ತದೆ. ಶುಲ್ಕವೇ ಪಾಪವಲ್ಲ, ಮುದ್ರಣಕ್ಕೆ ಖರ್ಚಿದೆ, ಪ್ರಾಮಾಣಿಕ ಪತ್ರಿಕೆಗಳಲ್ಲಿಯೂ ಶುಲ್ಕ ಪಡೆಯುವವುಗಳಿವೆ. ಆದರೆ ಶುಲ್ಕವು ಮೊದಲೇ ಪ್ರಕಟವಾಗಿರಬೇಕು, ಪರಿಶೀಲಕರ ಅಭಿಪ್ರಾಯವು ಲೇಖಕನ ಕೈಯಲ್ಲಿರಬೇಕು, ಸಂಪಾದಕಮಂಡಲಿಯಲ್ಲಿ ಹೆಸರಿರುವವರಲ್ಲಿ ಒಬ್ಬರಿಗಾದರೂ ಪತ್ರ ಬರೆದು ಅವರು ನಿಜವಾಗಿಯೂ ಒಪ್ಪಿದ್ದಾರೆಯೇ ಎಂದು ವಿಚಾರಿಸಬೇಕು. ಲೇವಾದೇವಿಗೆ ಮುನ್ನ ಪೇಟೆಯಲ್ಲಿ ನಾವು ಇಷ್ಟು ವಿಚಾರಣೆಯನ್ನು ಮಾಡಿಯೇ ಮಾಡುತ್ತೇವೆ.

ನಿರಾಕರಣೆಯಷ್ಟರಿಂದಲೇ ಕರ್ತವ್ಯ ಮುಗಿಯುವುದಿಲ್ಲ. ಅದೇ ಹಣವನ್ನು ಆ ಅಧ್ಯಾಪಕರು ಶಾಸನವಿರುವ ಸ್ಥಳಗಳಿಗೆ ಹೋಗಿ ಪಾಠವನ್ನು ಕಲ್ಲಿನೊಡನೆ ಹೋಲಿಸಿ ನೋಡುವುದಕ್ಕೂ, ಬಲ್ಲ ವಿದ್ವಾಂಸರಿಬ್ಬರಿಂದ ಲೇಖನವನ್ನು ಓದಿಸುವುದಕ್ಕೂ ಕೊಡಬೇಕು. ಹೆಸರಿನಲ್ಲಿಯೇ ನಮ್ಮ ತಾಲೂಕನ್ನು ಹೊತ್ತ ಡಾ. ಟಿ. ಜಿ. ಕಲಘಟಗಿಯವರ ಜೈನ ಮನಶ್ಶಾಸ್ತ್ರದ ಗ್ರಂಥವನ್ನು ಕರ್ನಾಟಕ ವಿಶ್ವವಿದ್ಯಾಲಯವು 1961ರಲ್ಲಿ ಪ್ರಕಟಿಸಿತು. ಇಂದಿಗೂ ವಿದ್ವಾಂಸರು ಅದನ್ನು ಉಲ್ಲೇಖಿಸುತ್ತಾರೆ. ಅಂಥ ಒಂದು ಬರಹಕ್ಕೆ ತಗಲುವ ಕಾಲವನ್ನು ನಾವು ನಮ್ಮ ತರುಣರಿಗೆ ಕೊಡಿಸಲಾಗದೇ? ಬಡ್ತಿಯು ಒಂದು ವರ್ಷ ಮುಂದಕ್ಕೆ ಹೋಗಬಹುದು. ಆ ನಷ್ಟವನ್ನು ಟ್ರಸ್ಟು ತುಂಬಿಕೊಡಲಾರದೆಂಬುದನ್ನೂ ಬಲ್ಲೆ; ಅದನ್ನು ಅವರಿಗೆ ನೇರವಾಗಿ ಹೇಳಬೇಕು.

ಬಸದಿಗಳ ಭಂಡಾರಗಳಲ್ಲಿರುವ ಓಲೆ, ಕಡತಗಳ ಛಾಯಾಪ್ರತಿಗಳನ್ನು ಮಾಡಿಸಿ, ಯೋಗ್ಯರು ಕೇಳಿದಾಗ ಲಿಖಿತ ನಿಬಂಧನೆಗಳೊಡನೆ ತೋರಿಸುವ ಪದ್ಧತಿಯನ್ನು ಪ್ರತಿಯೊಂದು ಟ್ರಸ್ಟೂ ಇಟ್ಟುಕೊಳ್ಳಲಿ. ನಾವು ಹೊರಡಿಸುವ ಸ್ಮರಣಸಂಚಿಕೆಗಳಲ್ಲಿಯೂ ‘ತಪ್ಪು-ಒಪ್ಪು’ ಎಂಬ ಅಂಕಣಕ್ಕೆ ಒಂದು ಪುಟವನ್ನು ಕಾದಿರಿಸಲಿ. ಆ ನಿಷಿಧಿಕಲ್ಲಿನ ಮೂರನೆಯ ಸಾಲಿನ ತಿದ್ದುಪಡಿಯನ್ನು, ಅದನ್ನು ಓದಿದ ಶಿಕ್ಷಕರ ಹೆಸರಿನೊಡನೆ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಬೇಕೆಂದು ಅವರ ಮನೆಯವರ ಒಪ್ಪಿಗೆ ಪಡೆದು ಸಂಚಾಲಕರಿಗೆ ಬರೆದುಕೊಟ್ಟಿದ್ದೇನೆ.

ಮಹಾವೀರ ಜಯಂತಿಗೆ ಮುನ್ನ ಸಭೆಯು ಮತ್ತೆ ಸೇರಲಿದೆ. ತೀರ್ಮಾನವು ಹೇಗಾದರೂ ಆಗಲಿ, ಆ ಅರ್ಜಿಯ ಮೇಲೆ ಬರೆಯುವ ಕಾರಣಗಳನ್ನು ಅರ್ಜಿದಾರರೂ ಓದುವಂತಿರಲಿ ಎಂಬುದೊಂದೇ ಟ್ರಸ್ಟಿಗಳಲ್ಲಿ ನನ್ನ ವಿನಂತಿ.

ಜೈ ಜಿನೇಂದ್ರ.